ಒತ್ತಿದರೆ ಸಾಲದು, ಕದಲಬೇಕು

ಫೆರೋಎಲೆಕ್ಟ್ರಿಕ್ ಪಿಂಗಾಣಿಯನ್ನು ಒತ್ತಡದಲ್ಲಿ ಇಟ್ಟರೆ ಊರಿಗೆ ಬೇಕಾದ ವಿದ್ಯುತ್ ತೆಗೆಯಬಹುದು ಎಂಬ ಮಾತು ನಮ್ಮ ದೇವಲಾಪುರ ಹೋಬಳಿಯ ಕಡೆಗೂ ಬಂದು ಮುಟ್ಟಿದೆ. ರಸ್ತೆಯಡಿ ಅದರ ಬಿಲ್ಲೆಗಳನ್ನು ಹೂತರೆ ಬೀದಿದೀಪ ಉರಿಯುತ್ತವಂತೆ, ಕನ್ನಂಬಾಡಿ ಕಟ್ಟೆಯ ಬುಡದಲ್ಲಿಟ್ಟರೆ ಪಂಪ್‌ಸೆಟ್ಟುಗಳು ಓಡುತ್ತವಂತೆ, ಮೇಲುಕೋಟೆಯ ಮೆಟ್ಟಿಲಿಗೆ ಹಾಸಿದರೆ ವೈರಮುಡಿ ಉತ್ಸವದ ದಿನ ಬೆಟ್ಟಕ್ಕೆಲ್ಲ ಬೆಳಕಂತೆ. ಇದು ಆಗುವ ಕೆಲಸವಲ್ಲ ಎಂದು ನಾನು ಹೇಳಿದ ಮೇಲೆ ಎದುರು ವಾದಗಳು ಸಾಕಷ್ಟು ಬಂದಿವೆ. ವಾದ ಮಾಡಿದವರು ಊರಿಗೆ ಒಳ್ಳೆಯದಾಗಲಿ ಎನ್ನುವವರೇ. ಮಳೆ ಕೈಕೊಟ್ಟ ವರ್ಷ ರಾಗಿ ಹೊಲ ಒಣಗುವುದನ್ನು, ಮೂರು ಫೇಸ್ ಕರೆಂಟಿಗೆ ರಾತ್ರಿ ಎದ್ದು ಕಾಯುವುದನ್ನು ಬಲ್ಲವರಿಗೆ ಇಂಥ ಆಸೆ ಹುಟ್ಟುವುದು ಸಹಜ. ಆದ್ದರಿಂದಲೇ ಅವರ ಒಂದೊಂದು ಮಾತಿಗೂ ಲೆಕ್ಕ ಇಟ್ಟು ಉತ್ತರ ಕೊಡಬೇಕು.

ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಬಂದ ವಾದ ಇದು: “ಒತ್ತಿದರೆ ವಿದ್ಯುತ್ ಬರುತ್ತದೆ ಎಂದು ನೀವೇ ಒಪ್ಪುತ್ತೀರಿ. ಕನ್ನಂಬಾಡಿಯಲ್ಲಿ ಅಷ್ಟು ನೀರು ಹಗಲೂ ರಾತ್ರಿ ಒತ್ತುತ್ತಲೇ ಇದೆಯಲ್ಲ ಸ್ವಾಮಿ, ಆ ಒತ್ತಡಕ್ಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ. ಮತ್ತೇಕೆ ಆಗದು?”

ಒತ್ತಿದರೆ ವಿದ್ಯುತ್ ಬರುತ್ತದೆ ಎಂಬುದು ಅರ್ಧ ಸತ್ಯ. ಒತ್ತಡ ಬದಲಾದಾಗ ಮಾತ್ರ ಬರುತ್ತದೆ ಎಂಬುದು ಪೂರ್ತಿ ಸತ್ಯ. ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು 1880ರಲ್ಲಿ ಹರಳುಗಳನ್ನು ಒತ್ತಿ ಈ ಗುಣವನ್ನು ತೋರಿಸಿಕೊಟ್ಟರು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು 1950ರ ದಶಕದಲ್ಲಿ ರೂಪುಗೊಂಡ ಲೆಡ್ ಜಿರ್ಕೋನೇಟ್ ಟೈಟನೇಟ್, ಅಂದರೆ ಪಿಜೆಡ್‌ಟಿ ಎಂಬ ಫೆರೋಎಲೆಕ್ಟ್ರಿಕ್ ಪಿಂಗಾಣಿ. ಇದರ ಹರಳಿನ ಪ್ರತಿ ಕೋಶದಲ್ಲೂ ಧನ ವಿದ್ಯುದಂಶದ ನಡುಬಿಂದು ಒಂದು ಕಡೆ, ಋಣ ವಿದ್ಯುದಂಶದ ನಡುಬಿಂದು ಇನ್ನೊಂದು ಕಡೆ ತುಸು ಸರಿದು ಕೂತಿರುತ್ತವೆ. ಬಿಲ್ಲೆಯನ್ನು ಒತ್ತಿದಾಗ ಈ ಅಂತರ ಕಿಂಚಿತ್ ಬದಲಾಗುತ್ತದೆ, ಮೇಲ್ಮೈಯ ಬೆಳ್ಳಿ ಲೇಪದ ಮೇಲೆ ಅಷ್ಟೇ ವಿದ್ಯುದಂಶ ಬಿಡುಗಡೆಯಾಗಿ ತಂತಿಯಲ್ಲಿ ಹರಿಯುತ್ತದೆ. ಒತ್ತಡ ಹಾಗೇ ನಿಂತರೆ ಅಂತರವೂ ಹಾಗೇ ನಿಲ್ಲುತ್ತದೆ, ಹರಿಯಲು ಹೊಸದೇನೂ ಉಳಿದಿರುವುದಿಲ್ಲ. ತಂತಿ ಜೋಡಿಸದೆ ಬಿಟ್ಟರೂ ಮೇಲ್ಮೈಯಲ್ಲಿ ನಿಂತ ವಿದ್ಯುದಂಶ ಪಿಂಗಾಣಿಯ ಒಳಗೇ ಸೋರಿಹೋಗುತ್ತದೆ. ಬಿಲ್ಲೆಯ ಮೇಲೆ ಬಂಡೆ ಇಟ್ಟು ನೂರು ವರ್ಷ ಕಾದರೂ ಸಿಗುವುದು ಬಂಡೆ ಇಟ್ಟ ಕ್ಷಣದ ಒಂದು ಮಿಡಿತ, ತೆಗೆದ ಕ್ಷಣದ ಇನ್ನೊಂದು ಮಿಡಿತ.

ಕಾರಣ ಬಹಳ ಹಳೆಯದು. ಬಲ ಕೆಲಸ ಮಾಡಬೇಕಾದರೆ ಏನಾದರೂ ಕದಲಬೇಕು. ಅಟ್ಟದ ಕಂಬ ಅಟ್ಟವನ್ನು ಹೊತ್ತು ನಿಂತಿದೆ, ಭಾರ ದೊಡ್ಡದು, ಕೆಲಸ ಸೊನ್ನೆ. ಪಿಂಗಾಣಿಯಂತೂ ಹೆಚ್ಚುಕಡಿಮೆ ಕದಲುವುದೇ ಇಲ್ಲ, ಅದು ಅಷ್ಟು ಗಡಸು.

ಈ ಮಾತು ಬರೀ ತತ್ವವಾಗಿ ಉಳಿಯುವುದು ಬೇಡ, ಕನ್ನಂಬಾಡಿಯ ಲೆಕ್ಕವನ್ನೇ ಮಾಡೋಣ. ಕಟ್ಟೆ ತುಂಬಿದಾಗಿನ ಮಟ್ಟ 124.80 ಅಡಿ ಎಂಬುದು ಮಂಡ್ಯ ಜಿಲ್ಲೆಯ ಮಕ್ಕಳಿಗೂ ಗೊತ್ತು. ಅಂದರೆ ಸುಮಾರು 38 ಮೀಟರ್ ನೀರು. ಅದರ ಬುಡದಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ 3.8 ಕಿಲೋ ಆಸುಪಾಸು. ಅಲ್ಲಿ ಒಂದು ಘನ ಮೀಟರ್ ಪಿಜೆಡ್‌ಟಿ ಇಡುತ್ತೇವೆ ಎಂದುಕೊಳ್ಳಿ. ತೂಕ ಏಳೂವರೆ ಟನ್ನು. ಆ ಒತ್ತಡವೆಲ್ಲ ಬಿಲ್ಲೆಯ ಅನುಕೂಲದ ದಿಕ್ಕಿನಲ್ಲೇ ಬೀಳುತ್ತದೆ ಎಂದು ಧಾರಾಳವಾಗಿ ಹಿಡಿಯೋಣ. ಸಾಮಾನ್ಯ ಪಿಜೆಡ್‌ಟಿಯ ಗುಣಾಂಕಗಳನ್ನು ಹಾಕಿ ಗುಣಿಸಿದರೆ, ಮಳೆಗಾಲದಲ್ಲಿ ಕಟ್ಟೆ ಪೂರ್ತಿ ತುಂಬಿಕೊಳ್ಳುವ ಅಷ್ಟೂ ದಿನಗಳಲ್ಲಿ ಅದರಿಂದ ಬರಬಹುದಾದ ವಿದ್ಯುತ್ ಶಕ್ತಿ ಒಂದು ಜೂಲಿಗೂ ಕಡಿಮೆ. ಬೇಸಿಗೆಯಲ್ಲಿ ನೀರು ಇಳಿದಾಗ ಇನ್ನೊಮ್ಮೆ ಅಷ್ಟೇ. ಒಂದು ಜೂಲ್ ಎಂದರೆ ಒಂದು ಕಿಲೋ ಬೆಲ್ಲವನ್ನು ನೆಲದಿಂದ ಹತ್ತು ಸೆಂಟಿಮೀಟರ್ ಎತ್ತುವ ಕೆಲಸ. ಮೀಟರಿನಲ್ಲಿ ಒಂದು ಯೂನಿಟ್ ತಿರುಗಬೇಕಾದರೆ 36 ಲಕ್ಷ ಜೂಲ್ ಬೇಕು.

ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. ಅದೇ ಒಂದು ಘನ ಮೀಟರ್ ಜಾಗದ ನೀರನ್ನು ಅದೇ 38 ಮೀಟರ್ ಎತ್ತರದಿಂದ ಇಳಿಯಬಿಟ್ಟರೆ 3 ಲಕ್ಷ 70 ಸಾವಿರ ಜೂಲ್, ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ. ನೀರಿಗೆ ಬೆಲೆ ಇರುವುದು ಅದು ಒತ್ತುತ್ತದೆ ಎಂದಲ್ಲ, ಇಳಿಯುತ್ತದೆ ಎಂದು. ಕಟ್ಟೆಯ ಗೋಡೆ ನೀರನ್ನು ತಡೆದು ನಿಲ್ಲಿಸುತ್ತದೆ, ಕೆಲಸವನ್ನು ಟರ್ಬೈನು ಮಾಡಿಸಿಕೊಳ್ಳುತ್ತದೆ. ಗೋಡೆಯಿಂದಲೇ ಕೆಲಸ ತೆಗೆಯುತ್ತೇವೆ ಎನ್ನುವವರು ಮೊದಲು ಈ ಎರಡು ಅಂಕಿಗಳ ನಡುವಿನ ಅಂತರಕ್ಕೆ ಉತ್ತರ ಹೇಳಬೇಕು.

ಇದಕ್ಕೆ ಸ್ವಲ್ಪ ಓದಿಕೊಂಡವರು ಬೇರೊಂದು ಉತ್ತರ ಕೊಟ್ಟಿದ್ದಾರೆ. ಫೆರೋಎಲೆಕ್ಟ್ರಿಕ್ ಪಿಂಗಾಣಿ ಬರೀ ಹರಳಲ್ಲ, ಅದರೊಳಗೆ ಶಾಶ್ವತ ಧ್ರುವೀಕರಣ ಇದೆ, ಆ ದಾಸ್ತಾನನ್ನು ಒತ್ತಡದಿಂದ ಹೊರಗೆಳೆಯಬಹುದು, ಸೇನೆಯವರು ಅದನ್ನೇ ಮಾಡುತ್ತಾರೆ ಎಂದು. ಸೇನೆಯ ಮಾತು ನಿಜ. ಸ್ಫೋಟಕದ ಆಘಾತ ತರಂಗವನ್ನು ಇಂಥ ಪಿಂಗಾಣಿಯ ಮೂಲಕ ಹಾಯಿಸಿದರೆ ಧ್ರುವೀಕರಣ ಒಮ್ಮೆಲೇ ಅಳಿಸಿಹೋಗಿ, ಕೆಲವು ಮೈಕ್ರೋಸೆಕೆಂಡುಗಳಲ್ಲಿ ಭಾರಿ ವೋಲ್ಟೇಜಿನ ಒಂದು ಮಿಡಿತ ಬರುತ್ತದೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ 1950ರ ದಶಕದಿಂದಲೂ ಇದರ ಮೇಲೆ ಕೆಲಸ ನಡೆದಿದೆ. ಆದರೆ ಆ ಸಾಧನ ಒಂದೇ ಸಲಕ್ಕೆ. ಮಿಡಿತ ಮುಗಿದಾಗ ಪಿಂಗಾಣಿಯೂ ಚೂರಾಗಿರುತ್ತದೆ. ಒಂದು ಘನ ಮೀಟರ್ ಪಿಂಗಾಣಿಯನ್ನು ಹೀಗೆ ಬಲಿ ಕೊಟ್ಟರೂ ಒಂದು ಯೂನಿಟ್ ಹುಟ್ಟುವುದು ಕಷ್ಟ. ಆಯುಧಕ್ಕೆ ಬೇಕಿರುವುದು ಆ ಕ್ಷಣದ ತೀವ್ರತೆ, ಪಂಪ್‌ಸೆಟ್ಟಿಗೆ ಬೇಕಿರುವುದು ಗಂಟೆಗಟ್ಟಲೆ ಶಕ್ತಿ.

ದಾಸ್ತಾನು ಎನ್ನುವುದೂ ತಪ್ಪು ಕಲ್ಪನೆಯೇ. ಬಿಲ್ಲೆ ತಯಾರಾದಾಗ ಅದರ ಕಣಗಳ ಧ್ರುವಗಳು ಎಲ್ಲ ದಿಕ್ಕಿಗೂ ಮುಖ ಮಾಡಿರುತ್ತವೆ. ಬಿಸಿ ಎಣ್ಣೆಯಲ್ಲಿಟ್ಟು ಮಿಲಿಮೀಟರಿಗೆ ಎರಡು ಮೂರು ಸಾವಿರ ವೋಲ್ಟ್ ಕೊಟ್ಟು ಅವನ್ನು ಒಂದು ದಿಕ್ಕಿಗೆ ತಿರುಗಿಸುತ್ತಾರೆ. ಆ ವ್ಯವಸ್ಥೆ ಇದ್ದರೇನೇ ಒತ್ತಿದಾಗ ವಿದ್ಯುತ್ ಬರುವುದು. ಅದನ್ನೇ ಹೊರಗೆ ಎಳೆದರೆ ಬಿಲ್ಲೆ ಬರೀ ಪಿಂಗಾಣಿ ಚೂರಾಗಿ ಉಳಿಯುತ್ತದೆ, ಮತ್ತೆ ಎಬ್ಬಿಸಲು ಹೊರಗಿನ ವಿದ್ಯುತ್ತನ್ನೇ ಕೊಡಬೇಕು.

ಅಡುಗೆಮನೆಯ ಗ್ಯಾಸ್ ಲೈಟರನ್ನು ತೋರಿಸಿ ಕೇಳಿದವರು ಹೆಂಗಸರು. “ಬ್ಯಾಟರಿ ಇಲ್ಲ, ತಂತಿ ಇಲ್ಲ, ಒತ್ತಿದರೆ ಕಿಡಿ ಹಾರುತ್ತದೆ, ಹತ್ತು ಸಾವಿರ ವೋಲ್ಟ್ ಅಂತಾರೆ. ಮನೆಗೆ ಬರುವುದು 230 ವೋಲ್ಟ್ ಅಲ್ವಾ?” ಒಳ್ಳೆಯ ಪ್ರಶ್ನೆ. ಪ್ರತಿದಿನ ಕೈಯಲ್ಲಿ ಹಿಡಿಯುವ ವಸ್ತುವಿನ ಒಳಗನ್ನು ನೋಡಿದ ಪ್ರಶ್ನೆ. ಲೈಟರಿನೊಳಗೆ ಇರುವುದೂ ಇದೇ ಪಿಂಗಾಣಿ, ಒಂದು ಪುಟ್ಟ ಸುತ್ತಿಗೆ ಸ್ಪ್ರಿಂಗಿನ ಬಲದಿಂದ ಅದಕ್ಕೆ ಬಡಿಯುತ್ತದೆ. ಸ್ಪ್ರಿಂಗನ್ನು ಬಿಗಿಯುವುದು ನಿಮ್ಮ ಹೆಬ್ಬೆರಳು. ವೋಲ್ಟ್ ಹೆಚ್ಚು, ಹರಿಯುವ ವಿದ್ಯುದಂಶ ಅತ್ಯಲ್ಪ. ಎರಡನ್ನೂ ಗುಣಿಸಿದಾಗ ಸಿಗುವುದೇ ಶಕ್ತಿ. ಒಂದು ಒತ್ತಿಗೆ 5 ಮಿಲಿಜೂಲ್ ಎಂದು ಧಾರಾಳವಾಗಿ ಲೆಕ್ಕ ಹಿಡಿದರೂ, 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಉರಿಯಲು ಸೆಕೆಂಡಿಗೆ 1,800 ಸಲ ಒತ್ತಬೇಕು. ಗ್ಯಾಸಿಗೆ ಕಿಡಿ ಸಾಕು, ಯಾಕೆಂದರೆ ಶಾಖವನ್ನು ಕೊಡುವುದು ಸಿಲಿಂಡರು.

ಇನ್ನು ರಸ್ತೆ. ದೇವಲಾಪುರದಿಂದ ನಾಗಮಂಗಲಕ್ಕೆ, ಮಂಡ್ಯಕ್ಕೆ ಓಡಾಡುವ ಲಾರಿ, ಬಸ್ಸು, ಕಬ್ಬಿನ ಟ್ರ್ಯಾಕ್ಟರುಗಳ ಭಾರ ರಸ್ತೆಯ ಮೇಲೆ ಸುಮ್ಮನೆ ವ್ಯರ್ಥವಾಗುತ್ತಿದೆ ಎಂಬುದು ವಾದ. ಇಲ್ಲಿ ಒತ್ತಡ ಬದಲಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಚಕ್ರ ಹತ್ತುತ್ತದೆ, ಇಳಿಯುತ್ತದೆ. ಹಾಗಾಗಿ ಈ ವಾದ ಕಟ್ಟೆಯ ವಾದಕ್ಕಿಂತ ಮೇಲು. ಸಿಗುವುದೆಷ್ಟು ಎಂದು ನೋಡಬೇಕು.

ಹತ್ತು ಟನ್ ಹೊತ್ತ ಒಂದು ಆಕ್ಸಲ್ ರಸ್ತೆಯನ್ನು ಒಂದು ಮಿಲಿಮೀಟರ್ ತಗ್ಗಿಸುತ್ತದೆ ಎಂದು ಹಿಡಿಯಿರಿ. ಗಟ್ಟಿ ರಸ್ತೆ ಅಷ್ಟೂ ತಗ್ಗುವುದಿಲ್ಲ. ಆ ತಗ್ಗಿನಲ್ಲಿ ನಡೆಯುವ ಕೆಲಸ ಸುಮಾರು 50 ಜೂಲ್. ದಿನಕ್ಕೆ ಇಂಥ ಮೂರು ಸಾವಿರ ಆಕ್ಸಲ್ ಹಾದುಹೋದರೆ ಒಂದೂವರೆ ಲಕ್ಷ ಜೂಲ್. ಅದರಲ್ಲಿ ಒಂದು ಚೂರೂ ನಷ್ಟವಾಗದೆ ಪೂರ್ತಿ ವಿದ್ಯುತ್ತಾದರೆ ಒಂದು ಸಾಲು ಬಿಲ್ಲೆಯಿಂದ ಸಿಗುವುದು ಒಂದು ಯೂನಿಟ್ಟಿನ 24ನೇ ಒಂದು ಭಾಗ, ಅಂದರೆ 20 ವ್ಯಾಟಿನ ಬೀದಿದೀಪವೊಂದು ಎರಡು ಗಂಟೆ ಉರಿಯುವಷ್ಟು. ಅದೇ ರಸ್ತೆಯ ಪಕ್ಕದಲ್ಲಿ ಒಂದು ಚದರ ಮೀಟರ್ ಸೌರ ಫಲಕ ನಿಲ್ಲಿಸಿದರೆ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ಮುಕ್ಕಾಲು ಯೂನಿಟ್. ಹೊಲಕ್ಕೆ ನೀರೆತ್ತುವ ಏಳೂವರೆ ಅಶ್ವಶಕ್ತಿಯ ಪಂಪ್‌ಸೆಟ್ಟು ಏಳು ಗಂಟೆ ಓಡಿದರೆ 39 ಯೂನಿಟ್ ಬೇಕು. ಮೇಲಿನ ಲೆಕ್ಕದಂತೆ ನಷ್ಟವೇ ಇಲ್ಲದ ಒಂಬೈನೂರು ಸಾಲು ಬಿಲ್ಲೆ ಹೂತರೂ ಒಬ್ಬ ರೈತನ ಒಂದು ದಿನಕ್ಕೆ ಸಾಲುವುದಿಲ್ಲ.

ಆ 50 ಜೂಲ್ ಬರುವುದಾದರೂ ಎಲ್ಲಿಂದ? ನೆಲ ತಗ್ಗಿದಷ್ಟೂ ಚಕ್ರ ಪ್ರತಿ ಹೆಜ್ಜೆಗೂ ಒಂದು ಚಿಕ್ಕ ಗುಂಡಿಯಿಂದ ಮೇಲೇರುತ್ತಿರುತ್ತದೆ. ಏರಿಸುವುದು ಎಂಜಿನ್ನು, ಎಂಜಿನ್ನಿಗೆ ಡೀಸೆಲ್ಲು. ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ, ಚಕ್ರಕ್ಕೆ ತಲುಪುವುದು ಮೂರನೇ ಒಂದು ಭಾಗದ ಆಸುಪಾಸು. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಹೀಗೆ ತೆಗೆದ ಒಂದು ಯೂನಿಟ್ಟಿಗೆ ಲಾರಿ ಮಾಲೀಕ ತನಗೇ ತಿಳಿಯದಂತೆ 27 ರೂಪಾಯಿ ತೆತ್ತಿರುತ್ತಾನೆ. ಎತ್ತಿನ ಗಾಡಿ ಹೋದರೆ ತೆರುವುದು ಎತ್ತಿನ ಹೆಗಲು. ಅವು ಮೊದಲೇ ಕಬ್ಬಿನ ಹೊರೆ ಎಳೆಯುತ್ತಿವೆ. ರಸ್ತೆ ಉಬ್ಬಿನಲ್ಲಿ, ಇಳಿಜಾರಿನಲ್ಲಿ, ಹೇಗೂ ಬ್ರೇಕು ಹಾಕುವ ಕಡೆ ತೆಗೆದರೆ ಯಾರಿಗೂ ನಷ್ಟವಿಲ್ಲ ಎಂದು ಕೆಲವರು ತಿದ್ದಿದ್ದಾರೆ. ಅದು ಸರಿಯಾದ ತಿದ್ದುಪಡಿ. ಆದರೆ ಅಲ್ಲಿ ತಗ್ಗಿಸಿ ಏರಿಸಲು ಸಾಮಾನ್ಯ ಡೈನಮೋ ಸಾಕು. ಹೆಚ್ಚು ಕದಲುವ ಕಡೆ ಕಾಂತ ಮತ್ತು ತಂತಿಸುರುಳಿ ಪಿಂಗಾಣಿಗಿಂತ ಎಷ್ಟೋ ಅಗ್ಗ, ಎಷ್ಟೋ ಬಾಳಿಕೆ.

ಹೊರದೇಶದ ಉದಾಹರಣೆ ಇಲ್ಲದೆ ಈ ಚರ್ಚೆ ಮುಗಿಯುವುದಿಲ್ಲ. ಜಪಾನಿನ ರೈಲ್ವೆ ಟೋಕಿಯೋ ನಿಲ್ದಾಣದ ಗೇಟುಗಳಲ್ಲಿ ಪೀಜೋ, ಅಂದರೆ ಒತ್ತಿದರೆ ವಿದ್ಯುತ್ ಕೊಡುವ, ನೆಲಹಾಸು ಹಾಕಿ 2008ರಲ್ಲಿ ಪ್ರಯೋಗ ನಡೆಸಿದ್ದು ನಿಜ. ಇಸ್ರೇಲಿನಲ್ಲಿ ಇನ್ನೊವಾಟೆಕ್ ಎಂಬ ಕಂಪನಿ 2009ರಲ್ಲಿ ಹೆದ್ದಾರಿಯ ಚಿಕ್ಕ ತುಣುಕೊಂದರಲ್ಲಿ ಬಿಲ್ಲೆ ಹೂತದ್ದೂ ನಿಜ. ಆಗ ಪ್ರಚಾರದಲ್ಲಿದ್ದ ಅಂಕಿ ಕಿಲೋಮೀಟರಿಗೆ ಗಂಟೆಗೆ 200 ಯೂನಿಟ್. ಗಂಟೆಗೆ 600 ವಾಹನ ಎಂದುಕೊಂಡು ಹಂಚಿ ನೋಡಿ. ಒಂದೊಂದು ವಾಹನವೂ ಒಂದು ಕಿಲೋಮೀಟರಿಗೆ 12 ಲಕ್ಷ ಜೂಲ್ ಬಿಟ್ಟುಕೊಡಬೇಕು, ಅಂದರೆ ಅದನ್ನು ಹಿಂದಕ್ಕೆ 1,200 ನ್ಯೂಟನ್ ಬಲ ಜಗ್ಗುತ್ತಿರಬೇಕು. ಒಂದು ಟನ್ನಿನ ಕಾರಿಗೆ ಒಳ್ಳೆಯ ರಸ್ತೆಯಲ್ಲಿ ಉರುಳುವಾಗಿನ ತಡೆ 100 ನ್ಯೂಟನ್ ಸುಮಾರು. ಅದು ಹನ್ನೆರಡು ಪಟ್ಟು ಹೆಚ್ಚಾದರೆ ಚಾಲಕನಿಗೆ ಗೊತ್ತಾಗದೇ ಇರುತ್ತದೆಯೇ? ಹೊರದೇಶದಲ್ಲಿ ಪ್ರಯೋಗ ಮಾಡಿದರು ಎಂಬುದು ಪ್ರಯೋಗ ನಡೆಯಿತು ಎಂಬುದಕ್ಕೆ ಮಾತ್ರ ಸಾಕ್ಷಿ. ವರ್ಷಗಳು ಕಳೆದ ಮೇಲೂ ಯಾವ ದೇಶವೂ ತನ್ನ ಹೆದ್ದಾರಿಗಳಿಗೆ ಇದನ್ನು ಹಾಸಿಕೊಂಡಿಲ್ಲ.

ಮೇಲುಕೋಟೆಯ ಮೆಟ್ಟಿಲುಗಳ ವಿಚಾರವನ್ನು ಬೇಗ ಮುಗಿಸುತ್ತೇನೆ. ಒಂದು ಲಕ್ಷ ಜನ, ಒಬ್ಬೊಬ್ಬರೂ ಮುನ್ನೂರು ಮೆಟ್ಟಿಲು, ಪ್ರತಿ ಮೆಟ್ಟಿಲೂ ಕಾಲಡಿ ಅರ್ಧ ಸೆಂಟಿಮೀಟರ್ ಕುಸಿಯುತ್ತದೆ ಎಂದು ಹಿಡಿದರೆ ಹೆಜ್ಜೆಗೆ 3 ಜೂಲ್. ಎಲ್ಲ ಸೇರಿ, ನಷ್ಟವೇ ಇಲ್ಲದಿದ್ದರೆ, 25 ಯೂನಿಟ್. ಒಂದು ಲಕ್ಷ ಭಕ್ತರ ದಣಿವು ಒಂದು ಪಂಪ್‌ಸೆಟ್ಟಿಗೆ ಐದು ಗಂಟೆಯೂ ಆಗದು. ಕುಸಿಯುವ ಮೆಟ್ಟಿಲನ್ನು ಎಂಬತ್ತರ ಅಜ್ಜಿ ಹತ್ತಬೇಕು ಎಂಬುದನ್ನೂ ನೆನಪಿಡಿ. ಕುಸಿಯದ ಗಟ್ಟಿ ಬಿಲ್ಲೆ ಇಟ್ಟರೆ ಹೆಜ್ಜೆಗೆ ಬರುವುದು ಜೂಲಿನ ಲಕ್ಷ ಭಾಗದಲ್ಲಿ ಮೂರ್ನಾಲ್ಕು ಭಾಗ.

ಯಾರೂ ಎತ್ತದ, ನನಗೆ ಮಾತ್ರ ಬಹಳ ಕಾಡುವ ವಿಷಯ ಸೀಸ. ಪಿಜೆಡ್‌ಟಿಯ ತೂಕದಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಪಾಲು ಸೀಸವೇ. ಸೋನಾರಿನ ಡಬ್ಬಿಯೊಳಗೆ, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರದೊಳಗೆ ಅದು ಭದ್ರವಾಗಿ ಕೂತಿರುತ್ತದೆ. ರಸ್ತೆಯಡಿ ಟನ್ನುಗಟ್ಟಲೆ ಹೂತು, ಅದರ ಮೇಲೆ ಮಿತಿಮೀರಿ ತುಂಬಿದ ಲಾರಿಗಳನ್ನು ಓಡಿಸಿದರೆ? ಪಿಂಗಾಣಿ ಒತ್ತಡ ತಾಳುತ್ತದೆ, ಬಾಗುವುದನ್ನು ತಾಳುವುದಿಲ್ಲ. ಬಿರುಕು ಬಿಡುತ್ತದೆ, ಪುಡಿಯಾಗುತ್ತದೆ. ನಮ್ಮ ರಸ್ತೆಗಳ ನೀರು ಹರಿದು ಸೇರುವುದು ಊರ ಕೆರೆಗೆ, ದನ ಕುಡಿಯುವುದು ಅದೇ ಕೆರೆಯಲ್ಲಿ. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮತ್ತೆ ಸರಿಪಡಿಸಲಾಗದ್ದು. ಸೀಸವಿಲ್ಲದ ಪೊಟ್ಯಾಸಿಯಂ ಸೋಡಿಯಂ ನಿಯೋಬೇಟ್‌ನಂಥ ಪಿಂಗಾಣಿಗಳ ಮೇಲೆ ಜಗತ್ತಿನಾದ್ಯಂತ ಕೆಲಸ ನಡೆದಿದೆ, ಆಗಲಿ. ಆದರೆ ಅವು ಬಂದರೂ ರಸ್ತೆಯ, ಕುಸಿಯುವ ಮೆಟ್ಟಿಲಿನ ಜೂಲುಗಳ ಲೆಕ್ಕ ಬದಲಾಗುವುದಿಲ್ಲ. ಆ ಲೆಕ್ಕ ಪಿಂಗಾಣಿಯದಲ್ಲ, ಭಾರ ಎಷ್ಟು ಕದಲಿತು ಎಂಬುದರದು.

ಕೊನೆಗೆ ಬರುವುದು ಇತಿಹಾಸದ ವಾದ. ಹೊಸದನ್ನೆಲ್ಲ ಜನ ಮೊದಲು ಅನುಮಾನದಿಂದಲೇ ನೋಡಿದರು, ಶಿವನಸಮುದ್ರದ ವಿದ್ಯುತ್ತನ್ನೂ ನಂಬದವರಿದ್ದರು, ನೀವೂ ಅಂಥವರೇ ಎಂದು. ನಮ್ಮ ಜಿಲ್ಲೆಯ ಹೆಮ್ಮೆಯನ್ನೇ ಸಾಕ್ಷಿಗೆ ಕರೆದದ್ದರಿಂದ ಇದಕ್ಕೆ ಸರಿಯಾಗಿ ಉತ್ತರಿಸಬೇಕು. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ, ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರ್ ಮುಂದೆ ನಿಂತು ಮಾಡಿಸಿದ ಯೋಜನೆ ಅದು. ಅವರು ಬರೀ ನಂಬಿಕೆಯ ಮೇಲೆ ಹೊರಟವರಲ್ಲ. ಕಾವೇರಿಯ ನೀರು ಎಷ್ಟು, ಬೀಳುವ ಎತ್ತರ ಎಷ್ಟು, ತಂತಿಯಲ್ಲಿ ನಷ್ಟ ಎಷ್ಟು, ಗಣಿಯವರು ಕೊಡುವ ದರ ಎಷ್ಟು ಎಂದು ಮೊದಲೇ ಲೆಕ್ಕ ಹಾಕಿ, ಕೊಳ್ಳುವವರ ಜೊತೆ ಕರಾರು ಮಾಡಿಕೊಂಡು ಕಾಮಗಾರಿ ಹಿಡಿದರು. ಲೆಕ್ಕ ಹೊಂದಿತು, ದೀಪ ಉರಿಯಿತು. ಅನುಮಾನಿಸಿದವರು ಸೋತದ್ದು ಲೆಕ್ಕಕ್ಕೆ. ಅದೇ ಲೆಕ್ಕವನ್ನು ಇಂದು ಮಾಡಿದರೆ ಪಿಂಗಾಣಿ ಸೋಲುತ್ತದೆ. ಶಿವನಸಮುದ್ರದ ಹೆಸರು ಹೇಳುವವರು ಶಿವನಸಮುದ್ರದ ಶಿಸ್ತನ್ನೂ ಪಾಲಿಸಬೇಕು.

ಈ ಪಿಂಗಾಣಿಯನ್ನು ನಾನು ಕೀಳಾಗಿ ಕಾಣುತ್ತೇನೆ ಎಂದು ಹೇಳಿದವರಿದ್ದಾರೆ, ಆ ಮಾತು ನನಗೆ ನೋವು ತಂದಿದೆ. ಒಂದು ಪಿಸುಮಾತಿನ ಕಂಪನಕ್ಕೂ ಓಗೊಡುವ ವಸ್ತು ಇದು. ನಮ್ಮ ನೌಕಾಪಡೆಯ ಹಡಗುಗಳಿಗೆ ಬೆಂಗಳೂರಿನ ಬಿಇಎಲ್ ಸೋನಾರ್ ಮಾಡಿಕೊಡುತ್ತದೆ, ನೀರಿನಾಳದ ಸದ್ದನ್ನು ಹಿಡಿಯುವುದು ಇಂಥ ಪಿಂಗಾಣಿಯೇ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಪಿಜೆಡ್‌ಟಿಯ ತೆಳು ಪದರಗಳನ್ನು ಜೋಡಿಸಿದ, ವಿದ್ಯುತ್ ಕೊಟ್ಟರೆ ಕದಲುವ ಚಾಲಕಗಳನ್ನು ತಯಾರಿಸಿದ್ದಾರೆ. ಬಸುರಿಯ ಹೊಟ್ಟೆಯೊಳಗಿನ ಮಗುವಿನ ಎದೆಬಡಿತವನ್ನು ಸ್ಕ್ಯಾನಿಂಗಿನಲ್ಲಿ ಕಾಣಿಸುವುದೂ ಇದೇ. ದೇವಲಾಪುರಕ್ಕೂ ಇದರಿಂದ ಪ್ರಯೋಜನವಿದೆ. ಸೇತುವೆಯ ಬಿರುಕನ್ನು ಮೊದಲೇ ಹೇಳುವ ಸಂವೇದಕ, ಕುಡಿಯುವ ನೀರಿನ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಸದ್ದಿನಿಂದ ಪತ್ತೆ ಹಚ್ಚುವ ಉಪಕರಣ, ಲಾರಿ ಮಿತಿಮೀರಿ ತುಂಬಿದೆಯೇ ಎಂದು ಓಡುತ್ತಿರುವಾಗಲೇ ತೂಗುವ ಪಟ್ಟಿ. ಇವಕ್ಕೆ ಬೇಕಿರುವುದು ಮೈಕ್ರೊವ್ಯಾಟ್, ಮಿಲಿವ್ಯಾಟ್. ಅಷ್ಟನ್ನು ಪಿಂಗಾಣಿ ನಂಬಿಕೆಯಿಂದ ಕೊಡುತ್ತದೆ.

ಎಂಜಿನಿಯರಿಂಗ್ ಓದುವ ನಮ್ಮ ಹುಡುಗ ಹುಡುಗಿಯರು ಕಾಲಿಟ್ಟರೆ ದೀಪ ಹತ್ತುವ ಹಲಗೆಯನ್ನು ಪ್ರಾಜೆಕ್ಟಿಗೆ ಮಾಡುತ್ತಾರೆ. ಮಾಡಲಿ, ಕೈಯಿಂದ ಮಾಡಿ ಕಲಿತದ್ದು ಮರೆಯುವುದಿಲ್ಲ. ಪಕ್ಕದಲ್ಲಿ ಒಂದು ಕೆಪಾಸಿಟರ್ ಇಟ್ಟು, ಹೆಜ್ಜೆಗೆ ಎಷ್ಟು ಜೂಲ್ ಸೇರಿತು ಎಂದು ಅಳೆದು ವರದಿಯ ಮೊದಲ ಪುಟದಲ್ಲೇ ಬರೆಯುವಂತೆ ಮೇಷ್ಟ್ರು ಹೇಳಲಿ.

ಹೋಬಳಿಯ ಪಂಚಾಯಿತಿ ಸದಸ್ಯರಲ್ಲಿ ಒಂದು ವಿನಂತಿ. ಪಿಂಗಾಣಿ ಬಿಲ್ಲೆಯ ವಿದ್ಯುತ್ ಯೋಜನೆ ಹೊತ್ತು ಯಾರೇ ಬಂದರೂ ಬರೀ ಮಾತಿನ ಮೇಲೆ ಠರಾವು ಮಾಡಬೇಡಿ. ಅವರ ಖರ್ಚಿನಲ್ಲೇ ಹತ್ತು ಮೀಟರ್ ರಸ್ತೆಗೆ ಹಾಕಲಿ, ಮನೆಗಳಿಗೆ ಇರುವಂಥದೇ ಒಂದು ಮೀಟರ್ ಕೂರಿಸಲಿ, ಮೂವತ್ತು ದಿನ ಬಿಟ್ಟು ಎಷ್ಟು ಯೂನಿಟ್ ಎಂದು ಗ್ರಾಮಸಭೆಯ ಮುಂದೆ ಓದಿ ಹೇಳಲಿ. ಅಲ್ಲಿಯವರೆಗೆ ಆ ಹಣವನ್ನು ಶಾಲೆಯ ಚಾವಣಿಯ ಮೇಲಿನ ಸೌರ ಫಲಕಕ್ಕೆ ಹಾಕಿ.